ದೊರೆ ಕಚ್ಚಿದ ಮೇಲೆ

೧ ಫೆಬ್ರವರಿ ೧೯೫೩, ಭಾನುವಾರ

ಇವತ್ತು ಬರೆಯಲೇಬೇಕು, ಇಲ್ಲದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ. ಯಾರಿಗಾದರೂ ಎಂದರೆ ಇವರಿಗೇ.

ನಾನು ನಡೆಸುವ ಊಟದ ಮನೆಯಲ್ಲಿ ಮಧ್ಯಾಹ್ನದ ಎರಡನೇ ಪಂಕ್ತಿ ಕೂತಿತ್ತು. ಮೂರನೇ ಪಂಕ್ತಿಯವರು ಗೋಡೆಗೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ಸಾಂತಾಕ್ರೂಜ್‌ನ ಹೋಟೆಲಿಗೆ ತರಕಾರಿ ಹೊರುವ ಲಾರಿ ನಮ್ಮ ಚಾಳಿನ ಬಾಗಿಲಿಗೆ ಬಂದು ನಿಂತಿತು. ಆ ಹೋಟೆಲಿನ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವ ನನ್ನ ಗಂಡ ಸದಾನಂದರು ಇಳಿದರು. ಅವರ ಹಿಂದೆ ಒಂದು ನಾಯಿ ಇಳಿಯಿತು. ನಾಯಿಯೇ ಅದು? ಕರುವಿನಷ್ಟು ಎತ್ತರ! ಬೂದಿ ಬಣ್ಣ, ತಲೆ ನನ್ನ ಸೊಂಟಕ್ಕೆ ಬರುತ್ತದೆ, ಪಕ್ಕೆಲುಬು ಒಂದೊಂದೂ ಕಾಣುತ್ತದೆ. ಉಣ್ಣುತ್ತಿದ್ದ ಪರಪ್ಪ ತುತ್ತು ಕೈಯಲ್ಲೇ ಹಿಡಿದು ಗೋಡೆಗೆ ಅಂಟಿಕೊಂಡ.

“ಎಂಥದು ಇದು?” ಎಂದೆ.

“ನಾಯಿ ಮಾರಾಯ್ತಿ.”

“ನನಗೆ ಕಣ್ಣುಂಟು.”

ವಿಮಾನ ನಿಲ್ದಾಣದ ಹತ್ತಿರದ ಬಂಗಲೆಯಲ್ಲಿದ್ದ ಯಾರೋ ಬಿಳಿಯ ದೊರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಿಮಾನ ಹತ್ತಿ ಹೋದನಂತೆ. ನಾಯಿಯನ್ನು ಗೇಟಿಗೆ ಕಟ್ಟಿ ಹೋದ. ಅದು ಹಗ್ಗ ಕಡಿದುಕೊಂಡು ಬಂದು ಹೋಟೆಲಿನ ಹಿಂದೆ ಎಂಜಲೆಲೆಯ ರಾಶಿಯಲ್ಲಿ ಮಲಗಿತ್ತು. ಹಾದು ಹೋಗುವವರೆಲ್ಲ ಕಲ್ಲು ಹೊಡೆದು ಹಿಂಗಾಲು ಊದಿಕೊಂಡಿದೆ. ನಮ್ಮ ಮಹಾಶಯರ ಕರುಳು ಚುರುಕ್ ಎಂದಿತು. ಗಲ್ಲೆಯ ಹಿಂದೆ ಒಂದು ಬೋರ್ಡು ತೂಗುಹಾಕಿದ್ದಾರಂತೆ: ‘ದೊಡ್ಡ ನಾಯಿ. ಒಳ್ಳೆಯ ಗುಣ. ಸಾಕುವವರು ಬೇಕಾಗಿದ್ದಾರೆ.’ ಸಿಗುವ ತನಕ ನಾವು ಪಾತ್ರೆ ತಿಕ್ಕುವ ಹಿಂದಿನ ಜಾಗದಲ್ಲಿ ಇರುತ್ತದಂತೆ. ಹೆಸರನ್ನೂ ಇಟ್ಟಾಗಿದೆ, ದೊರೆ.

ಒಳ್ಳೆಯ ಗುಣವಂತೆ! ರೇಷನ್ ಅಕ್ಕಿಯಲ್ಲಿ ದಿನಕ್ಕೆ ಮೂವತ್ತು ಎಲೆ ಹಾಕುವವಳು ನಾನು. ಮೂವತ್ತೊಂದನೆಯ ಎಲೆ ನಾಯಿಗೆ.

೩ ಫೆಬ್ರವರಿ, ಮಂಗಳವಾರ

ನೀಲಕಂಠಪ್ಪನವರು ಮೇಲಿನಿಂದ ಇಳಿದು ಬಂದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದು ರಿಟೈರ್ ಆದವರು, ಚಾಳಿನ ಕಮಿಟಿಗೆ ಹಿರಿಯರು. ಅವರು ಹೇಳಿದರೆ ನಲ್ಲಿಯಲ್ಲಿ ನೀರು ಬರುತ್ತದೆ, ಬೇಡವೆಂದರೆ ನಿಲ್ಲುತ್ತದೆ, ಅಷ್ಟು ನಡೆಯುತ್ತದೆ ಅವರದು.

“ಏನ್ರೀ ರಾಜೀವಿಬಾಯಿ, ನಾಯಿ ತಂದೀರೋ, ಕತ್ತಿಮರಿ ತಂದೀರೋ? ಎರಡ ದಿವಸ ಆತು, ನಮ್ಮ ಮೊಮ್ಮಗಳು ಮೆಟ್ಲ ಇಳೀಲಿಕ್ಕೆ ಅಂಜತಾಳ. ನಾಯಿ ಸಾಕೋ ಹಂಗಿಲ್ಲ ಅಂತ ಮಾಲಕ ಖೋಲಿ ಕೊಡೂಮುಂದನ ಹೇಳ್ಯಾನ.”

“ನಾನು ಸಾಕಿದ್ದಲ್ಲ. ಬೇಕಾದರೆ ಈಗಲೇ ಕೊಂಡುಹೋಗಿ.”

“ನಾನೇನ ಮಾಡ್ಲಿ ಅದನ್ನ? ಶಿವರಾತ್ರಿ ಮುಗಿಯೋತನಕ ನೋಡ್ತೀನಿ. ಅಷ್ಟರಾಗ ಯಾರಿಗರೆ ಕೊಟ್ಟ ಬಿಡ್ರಿ. ಇಲ್ಲಂದ್ರ ಮುನ್ಸಿಪಾಲ್ಟಿ ಗಾಡಿ ಕರಸ್ತೀನಿ.”

ಆ ಗಾಡಿಯಲ್ಲಿ ಹೋದ ನಾಯಿ ತಿರುಗಿ ಬರುವುದಿಲ್ಲ, ಎಲ್ಲರಿಗೂ ಗೊತ್ತು. “ಕರೆಸಿ, ನಾನೇ ಹಗ್ಗ ಬಿಚ್ಚಿ ಕೊಡುತ್ತೇನೆ” ಎಂದೆ. ನನಗೇನು? ನಾಯಿ ಅಲ್ಲಿ ಮೋರಿಯ ಪಕ್ಕದಲ್ಲಿ ಕೂತು ನಮ್ಮಿಬ್ಬರ ಬಾಯಿ ನೋಡುತ್ತಿತ್ತು. ಮೇಲೆ ವಿಮಾನದ ಶಬ್ದ ಬಂದರೆ ಮಾತ್ರ ಕತ್ತೆತ್ತಿ ಆಕಾಶ ನೋಡುತ್ತದೆ. ಶಬ್ದ ಹೋದ ಮೇಲೂ ನೋಡುತ್ತದೆ. ಪೆದ್ದು.

೫ ಫೆಬ್ರವರಿ, ಗುರುವಾರ

ಕಚ್ಚಿತು. ಎಡಗೈ, ಮೊಣಕೈಯ ಕೆಳಗೆ. ನಾಲ್ಕು ಹಲ್ಲು ನೆಟ್ಟಿದೆ.

ನನ್ನ ಮನೆಯಲ್ಲಿ ಉಂಡವರಿಗೆಲ್ಲ ಗೊತ್ತು, ಇಲ್ಲಿ ಉಂಡು ಕೂರುವ ಹಾಗಿಲ್ಲ. ಎಲೆಯ ಮೇಲೆ ಕೈ ನಿಧಾನವಾದರೆ ನನ್ನ ಕೈ ಎಲೆಯ ತುದಿಗೆ ಬರುತ್ತದೆ. ಊರಿನಲ್ಲಾದರೆ ಉಂಡವರು ಎಲೆ ಮಡಚಬೇಕು, ಆಮೇಲೆ ಎತ್ತುವುದು. ಇಲ್ಲಿ ಮಡಚುವ ತನಕ ಯಾರು ಕಾಯುತ್ತಾರೆ? ಬೆನ್ನ ಹಿಂದೆ ಮುಂದಿನ ಪಂಕ್ತಿ ನಿಂತಿರುತ್ತದೆ, ಅವರಿಗೆ ಲೋಕಲ್ ರೈಲು ಹಿಡಿಯಬೇಕು. ಹನ್ನೆರಡು ವರ್ಷದಿಂದ ನನ್ನ ಕೈಗೆ ಅದೇ ಅಭ್ಯಾಸ. ನಾಯಿ ಉಣ್ಣುತ್ತಿತ್ತು. ವಿಮಾನ ಹೋಯಿತು, ಅದು ತಲೆ ಎತ್ತಿತು. ನಾನು ಬಗ್ಗಿ ಎಲೆ ಎತ್ತಿಬಿಟ್ಟೆ. ಅನ್ನ ಅರ್ಧ ಉಳಿದಿತ್ತಂತೆ, ಪರಪ್ಪ ಆಮೇಲೆ ಹೇಳಿದ. ನಾನು ನೋಡಲೇ ಇಲ್ಲ.

ಸಯನ್ ಆಸ್ಪತ್ರೆಗೆ ಓಡಿದೆವು. ಡಾಕ್ಟರರು ಮರಾಠಿಯವರು, ವಯಸ್ಸಾದವರು. ಸಾಬೂನು ಹಾಕಿ ತೊಳೆದು ತೊಳೆದು ಕೇಳಿದರು, ನಾಯಿ ಎಲ್ಲಿದೆ? ಕಟ್ಟಿದೆ ಎಂದೆವು. ಹಾಗಾದರೆ ಹತ್ತು ದಿನ ಅದನ್ನು ಕಣ್ಣೆದುರಿಗೆ ಇಟ್ಟುಕೊಳ್ಳಿ, ಕೊಲ್ಲಬೇಡಿ, ಬಿಡಬೇಡಿ ಎಂದರು. ಹತ್ತು ದಿನ ಉಂಡು ಕುಡಿದು ಚೆನ್ನಾಗಿದ್ದರೆ ನಿಮಗೆ ಏನೂ ಇಲ್ಲ. ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ, ಸತ್ತರೆ, ಕಳೆದುಹೋದರೆ ಅದೇ ದಿನ ಬನ್ನಿ, ಹೊಟ್ಟೆಗೆ ಹದಿನಾಲ್ಕು ಸೂಜಿ.

ಹೊಟ್ಟೆಗೆ! ಸಿಡುಬಿಗೆ ದಾಕು ಚುಚ್ಚುವವರು ಚಾಳಿಗೆ ಬಂದಾಗ ನಾನು ಪಾಯಖಾನೆಯಲ್ಲಿ ಚಿಲಕ ಹಾಕಿ ಕೂತವಳು. ನೀಲಕಂಠಪ್ಪನವರೇ ಬಾಗಿಲು ಬಡಿದು ಹೊರಗೆ ಎಳೆಸಿದರು, ಮೂರೂ ಮಾಳಿಗೆಯವರು ನಕ್ಕರು.

ಆದರೆ ಸೂಜಿಗಿಂತ ದೊಡ್ಡ ಹೆದರಿಕೆ ಇನ್ನೊಂದು. ಕಾಪುವಿನಲ್ಲಿ ನನ್ನ ಅತ್ತೆಯ ಮಗಳು ಅಕ್ಕು. ಹುಚ್ಚುನಾಯಿ ಕಚ್ಚಿದ್ದನ್ನು ಬೈಗುಳಕ್ಕೆ ಹೆದರಿ ಯಾರಿಗೂ ಹೇಳಲಿಲ್ಲ. ಕಡೆಯ ದಿನ ನೀರಿನ ಚೆಂಬು ಕಂಡರೆ ಗಂಟಲು ಹಿಡಿದುಕೊಂಡು ಕಿರುಚುತ್ತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ಮನೆಗೆ ಬಂದವಳೇ ಒಂದು ಲೋಟ ನೀರು ಕುಡಿದೆ. ಆಮೇಲೆ ಇನ್ನೊಂದು.

೬ ಫೆಬ್ರವರಿ, ಶುಕ್ರವಾರ

ನಾಯಿ ನೀರು ಕುಡಿಯಿತು. ನಾನೂ ಕುಡಿದೆ. ಇವರು ಬೆಳಿಗ್ಗೆ ಹೋಗುವ ಮೊದಲು ಅನ್ನ ಹಾಕಿ ಹೋದರು. ನಾನು ಬಡಿಗೆ ಹಿಡಿದು ದೂರದಲ್ಲಿ ನಿಂತು ನೋಡಿದೆ, ತಿನ್ನುತ್ತದೋ ಇಲ್ಲವೋ ಎಂದು. ಸ್ವಲ್ಪ ತಿಂದಿತು.

೮ ಫೆಬ್ರವರಿ, ಭಾನುವಾರ

ಇವರ ಬೋರ್ಡು ನೋಡಿ ಜನ ಬಂದರು. ಮೊದಲು ಬಾಂದ್ರಾದ ಒಬ್ಬ ಮಾಸ್ತರರು, ಹೆಂಡತಿಯೊಂದಿಗೆ. ಅವರಿಗೆ ಮನೆಯೊಳಗೆ ಮಲಗುವ ನಾಯಿ ಬೇಕಂತೆ. ದೊರೆ ಎದ್ದು ನಿಂತದ್ದೇ ತಡ, ಹೆಂಡತಿ ಮಾಸ್ತರರ ಬೆನ್ನ ಹಿಂದೆ ಹೋದಳು. ನನ್ನ ಕೈಯ ಪಟ್ಟಿ ನೋಡಿ ಇಬ್ಬರೂ ಚಹಾ ಸಹ ಕುಡಿಯದೆ ನಡೆದರು. ಆಮೇಲೆ ಒಬ್ಬರು ಗೇಟಿನಿಂದಲೇ ನೋಡಿ ತಿರುಗಿದರು.

ಮಧ್ಯಾಹ್ನ ಮುಲುಂಡ್‌ನಿಂದ ಬಸವಂತಪ್ಪ ಎಂಬವನು ಬಂದ. ಮರ ಮಾರುವ ಅಡ್ಡೆ ಇದೆಯಂತೆ, ನೀಲಕಂಠಪ್ಪನವರಿಗೆ ದೂರದ ನೆಂಟ. ಅವರೇ ಕರೆಸಿದ್ದು. ಅವನು ನಾಯಿಯನ್ನು ಎತ್ತು ಕೊಳ್ಳುವವನ ಹಾಗೆ ಸುತ್ತು ಹಾಕಿ ನೋಡಿದ, ಬಾಯಿ ತೆರೆಸಿ ಹಲ್ಲು ನೋಡಿದ.

“ಕಡೀತೈತೇನು?” ಎಂದು ಕೇಳಿದ.

ನಾನು ಪಟ್ಟಿ ತೋರಿಸಿದೆ. ಅವನ ಮುಖ ಅರಳಿತು. “ಚಲೋ ಐತಿ. ಕಳ್ಳರ ಕಾಟ ಭಾಳ ಐತ್ರಿ ನಮ್ಮಲ್ಲೆ. ಈಗ ಒಯ್ಯಲೇನು?”

ಈಗ ಆಗುವುದಿಲ್ಲ, ಇನ್ನೊಂದು ವಾರ ಬಿಟ್ಟು ಬನ್ನಿ ಎಂದೆ. ಯಾಕೆ ಎಂದ. ಹುಚ್ಚು ಎಂಬ ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ಹೇಳಿದರೆ ಎಲ್ಲಿ ನಿಜವಾಗುತ್ತದೋ ಎಂದು. ಸುಮ್ಮನೆ, ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೆ. ನೀಲಕಂಠಪ್ಪನವರು ಹಲ್ಲು ಕಚ್ಚಿ ಮೇಲೆ ಹೋದರು. ಡಾಕ್ಟರರ ಮಾತು ಅವರಿಗೂ ಗೊತ್ತು. ಆದರೆ ಅವರ ಪ್ರಕಾರ ಹತ್ತು ದಿನ ಎನ್ನುವುದೆಲ್ಲ ನನ್ನ ನೆವ.

ವಾರ ಕಳೆಯಲಿ, ಆ ಮುಲುಂಡಿನವನು ಒಯ್ಯಲಿ, ಪೀಡೆ ತೊಲಗಲಿ.

೯ ಫೆಬ್ರವರಿ, ಸೋಮವಾರ

ತಿನ್ನಲಿಲ್ಲ. ಬೆಳಿಗ್ಗೆಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ಮೊಸರನ್ನ ಕಲಸಿ ಇಟ್ಟೆ, ಬಡಿಗೆ ಹಿಡಿದು ಕಾದೆ. ಎಲೆಯನ್ನು ನೋಡುತ್ತದೆ, ನನ್ನನ್ನು ನೋಡುತ್ತದೆ, ಮುಖ ತಿರುಗಿಸುತ್ತದೆ. ನೀರೂ ಮುಟ್ಟಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ, ಉಂಡವರು ಲೋಟ ಲೋಟ ನೀರು ಕುಡಿದು ಎದ್ದು ಹೋದರು. ಇವರು, “ನಾಳೆ ಬೆಳಿಗ್ಗೆ ನೋಡುವ, ತಿನ್ನದಿದ್ದರೆ ಆಸ್ಪತ್ರೆಗೆ ಹೋಗುವುದೇ” ಎಂದರು. ದೇವರೇ, ನನಗೆ ಸಾಯುವುದು ಬೇಡ.

೧೦ ಫೆಬ್ರವರಿ, ಮಂಗಳವಾರ

ತಿಂದಿತು!

ಬೆಳಿಗ್ಗೆ ಇವರು ಸೀರೆ ಉಟ್ಟು ಹೊರಡು ಎಂದರು. ಒಂದು ಸಲ ನೋಡಿ ಬರುತ್ತೇನೆ ಎಂದು ಹಿಂದೆ ಹೋದೆ. ನಿನ್ನೆಯಿಡೀ ನಾನೂ ಸರಿಯಾಗಿ ಉಂಡಿರಲಿಲ್ಲ. ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಕುಸಿದು ಕೂತೆ. ಬಡಿಗೆ ಒಳಗೇ ಮರೆತು ಬಂದಿದ್ದೆ. ನೀಲಕಂಠಪ್ಪನವರ ಹೆಂಡತಿ ನಾಗವ್ವ ಮೇಲಿನಿಂದ ಬಗ್ಗಿ ನೋಡಿ, ಒಂದು ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು ತಂದು ನನ್ನ ತೊಡೆಯ ಮೇಲೆ ಇಟ್ಟಳು. “ತಿನ್ರೆವ್ವಾ, ಮಾರಿ ನೋಡ್ರಿ ಹೆಂಗಾಗೇತಿ.”

ಒಂದು ತುತ್ತು ಬಾಯಿಗಿಟ್ಟೆ. ಇನ್ನೊಂದು ಇಟ್ಟೆ. ಹಸಿವೆ ಇತ್ತು ಅಂತ ಆಗ ಗೊತ್ತಾಯಿತು. ಪಕ್ಕದಲ್ಲಿ ಚಪ್ ಚಪ್ ಶಬ್ದ. ದೊರೆ ನಿನ್ನೆಯ ಮೊಸರನ್ನ ತಿನ್ನುತ್ತಿತ್ತು! ನಾನು ಉಸಿರು ಬಿಡದೆ ಕೂತೆ. ಅದು ನಡುವೆ ನಿಲ್ಲಿಸಿ ನನ್ನ ಕೈ ನೋಡಿತು. ಬಡಿಗೆಯಿಲ್ಲ, ಎಲೆಯ ಕಡೆ ಕೈ ಚಾಚಿಲ್ಲ, ನನ್ನ ಪಾಡಿಗೆ ನಾನು ಉಪ್ಪಿಟ್ಟು ತಿನ್ನುತ್ತಿದ್ದೇನೆ. ಮತ್ತೆ ತಿಂದಿತು. ಎಲೆ ನೆಕ್ಕಿ ಹರಿದುಹಾಕಿತು. ಆಮೇಲೆ ಬಕೆಟ್ಟಿನ ನೀರು ಅರ್ಧ ಕುಡಿಯಿತು. ನಾನೂ ಕುಡಿದೆ.

ಹುಚ್ಚಲ್ಲ, ಹೆದರಿಕೆ. ಮತ್ತೆ ಎಲೆ ಎತ್ತುತ್ತೇನೆ ಎಂದು ಹೆದರಿ ಉಪವಾಸ ಕೂತಿತ್ತು. ನನಗೆ ಹೆದರುವವರು ಮೂವತ್ತು ಜನ ಇದ್ದಾರೆ, ಒಬ್ಬರೂ ಉಪವಾಸ ಕೂತದ್ದಿಲ್ಲ!

ಇನ್ನು ಭಾನುವಾರದ ತನಕ ಹೀಗೆಯೇ ಮಾಡುವುದು. ಅದು ಉಣ್ಣುವಾಗ ನಾನೂ ಕೂತು ಉಣ್ಣುವುದು. ನನ್ನ ಜೀವದ ಪ್ರಶ್ನೆ, ಬೇರೆ ಉಪಾಯವಿಲ್ಲ. ಪರಪ್ಪ ರಾತ್ರಿ ಊಟಕ್ಕೆ ಬಂದವನು ನಿಧಾನವಾಗಿ ಎರಡನೇ ಸಲ ಮಜ್ಜಿಗೆ ಹಾಕಿಸಿಕೊಂಡು, “ಇವತ್ತ ಎಲಿಗೆ ಕೈ ಬರಲಿಲ್ಲಲ್ರೀ ಬಾಯಾರ, ಆರಾಮ ಇದ್ದೀರಲ್ಲ?” ಎಂದ. ಅಧಿಕಪ್ರಸಂಗಿ.

೧೨ ಫೆಬ್ರವರಿ, ಗುರುವಾರ, ಶಿವರಾತ್ರಿ

ನಮ್ಮಲ್ಲಿ ಉಣ್ಣುವವರೆಲ್ಲ ಧಾರವಾಡ, ಬೆಳಗಾವಿ ಕಡೆಯ ಲಿಂಗಾಯತರು, ಇವತ್ತು ಉಪವಾಸ. ವರ್ಷಕ್ಕೆ ಒಂದೇ ದಿನ ನನ್ನ ಒಲೆಗೆ ರಜೆ. ನಿಧಾನವಾಗಿ ಎದ್ದು ಹಿಂದೆ ಹೋದರೆ ಹಗ್ಗ ಮಾತ್ರ ಇದೆ.

ಕಳೆದುಹೋದರೆ ಅದೇ ದಿನ ಬನ್ನಿ ಎಂದಿದ್ದರು. ಇವರು ಆಗಲೇ ಸಾಂತಾಕ್ರೂಜ್‌ಗೆ ಹೋಗಿಯಾಗಿತ್ತು. ಚಾಳಿನ ಸುತ್ತ ಓಡಿದೆ, ಸ್ಟೇಷನ್ನಿನ ತನಕ ಓಡಿದೆ, ದೊರೇ ದೊರೇ ಎಂದು ಕೂಗಿದೆ, ಜನ ನಿಂತು ನೋಡಿದರು. ತಿರುಗಿ ಬಂದಾಗ ನಾಗವ್ವ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು.

“ನಮ್ಮವರ ಬಿಚ್ಚಿ ಕೊಟ್ಟಾರವ್ವಾ,” ಎಂದಳು, ಸೆರಗು ಬಾಯಿಗೆ ಇಟ್ಟುಕೊಂಡು. “ಮುಲುಂಡದ ಬಸವಂತಪ್ಪ ಗಾಡಿ ತಗೊಂಡ ಬಂದಿದ್ದ. ಶಿವರಾತ್ರಿ ದಿವಸ ಸುಳ್ಳ ಹೇಳೂದು ಬ್ಯಾಡ ಅಂತ ಹೇಳಾಕತ್ತೀನಿ, ನನ್ನ ಹೆಸರ ಹೇಳಬ್ಯಾಡ್ರಿ.”

ಲೋಕಲ್ ಹತ್ತಿ ಮುಲುಂಡ್‌ಗೆ ಹೋದೆ. ಅಡ್ಡೆ ಸ್ಟೇಷನ್ನಿನ ಹತ್ತಿರವೇ. ಮೊಳದುದ್ದದ ಸರಪಳಿಯಲ್ಲಿ ಕಂಬಕ್ಕೆ ಕಟ್ಟಿದ್ದರು, ಮಲಗಲು ಸಹ ಆಗದ ಹಾಗೆ. ಒಬ್ಬ ಆಳು ಬಿದಿರಿನ ಕೋಲಿನಿಂದ ಊದಿದ ಕಾಲಿಗೇ ತಿವಿಯುತ್ತಿದ್ದ. ಸಿಟ್ಟು ಬರಿಸಿದರೆ ಕಾವಲಿಗೆ ಚುರುಕಾಗುತ್ತದಂತೆ. ಮೊದಲ ಮೂರು ದಿನ ಅನ್ನವಿಲ್ಲ, ನೀರು ಅಷ್ಟಕ್ಕಷ್ಟೇ, ಅದು ಬಸವಂತಪ್ಪನ ಪದ್ಧತಿಯಂತೆ. ದೊರೆ ನನ್ನನ್ನು ನೋಡಿತು. ಬೊಗಳಲಿಲ್ಲ, ಬಾಲ ಒಂದು ಸಲ ಆಡಿಸಿ ನಿಲ್ಲಿಸಿತು.

ನನಗೆ ಬಂದ ಸಿಟ್ಟನ್ನು ಬರೆಯಲು ಬರುವುದಿಲ್ಲ. ಕೋಲು ಕಸಿದು ಮುರಿದೆ. ಬಸವಂತಪ್ಪ, “ಏನ್ರಿ ಇದು, ಹಿರ್ಯಾರು ಕೊಟ್ಟಾರ, ತಂದೀನಿ” ಎಂದು ಬಂದ. ಅಡ್ಡೆಯ ಆಳುಗಳೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ:

“ಈ ನಾಯಿಗೆ ಹುಚ್ಚು ಉಂಟೋ ಇಲ್ಲವೋ ಅಂತ ಆಸ್ಪತ್ರೆಯವರು ನೋಡುತ್ತಾ ಇದ್ದಾರೆ! ಇಗೋ ನನ್ನ ಕೈ! ಭಾನುವಾರದ ತನಕ ಬದುಕಿದರೆ ಹುಚ್ಚಿಲ್ಲ. ಅಷ್ಟರೊಳಗೆ ನಿಮ್ಮಲ್ಲಿ ಯಾರನ್ನು ಕಚ್ಚಿದರೂ ಹೊಟ್ಟೆಗೆ ಹದಿನಾಲ್ಕು ಸೂಜಿ, ಹಾಕಿಸಿಕೊಳ್ಳಿ!”

ಕೋಲಿನವನು ಮರದ ರಾಶಿ ಹತ್ತಿ ನಿಂತ. ಬಸವಂತಪ್ಪ ಸರಪಳಿಯ ಬೀಗದ ಕೈಯನ್ನು ದೂರದಿಂದಲೇ ಎಸೆದ. “ಒಯ್ರಿ ನಮ್ಮವ್ವಾ, ಒಯ್ರಿ. ಆ ನೀಲಕಂಠಪ್ಪ ಇದನ್ನ ಯಾಕ ಹೇಳಲಿಲ್ಲ?”

ಬಾಲ್ದಿ ಕೇಳಿ ನೀರು ಕೊಟ್ಟೆ. ಅದು ಕುಡಿಯುವುದನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹುಚ್ಚಿಲ್ಲವಲ್ಲ ಎಂದು ಅಳು, ಬೇರೇನಿಲ್ಲ.

ಬರುವಾಗ ಲಗೇಜಿನ ಡಬ್ಬಿ ಹತ್ತಿದೆವು. ಮೀನು ಮಾರಿ ಬರುವ ಬೆಸ್ತರ ಹೆಂಗಸರು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. “ಕುತ್ರಾ ಆಹೇ ಕೀ ವಾಘ್?” ಎಂದು ಒಬ್ಬಳು ಕೇಳಿದಳು, ನಾಯಿಯೋ ಹುಲಿಯೋ ಎಂದು. ನನಗೂ ಗೊತ್ತಿಲ್ಲ ಎಂದೆ. ನಕ್ಕು, ಬುಟ್ಟಿಯ ತಳದಲ್ಲಿದ್ದ ನಾಲ್ಕು ಬಂಗುಡೆ ಹಾಕಿದಳು. ದೊರೆ ಕಣ್ಣು ಮುಚ್ಚಿ ತಿಂದ. ನಮ್ಮದು ಲಿಂಗಾಯತರ ಊಟದ ಮನೆಯಾದ ಮೇಲೆ ನಾನೂ ಬಂಗುಡೆ ನೋಡಿ ಎಷ್ಟೋ ಕಾಲವಾಯಿತು. ಸಯನ್ ಬರುವ ತನಕ ನನ್ನ ಪಾದದ ಮೇಲೆ ತಲೆ ಇಟ್ಟು ಮಲಗಿದ್ದ. ಭಾರ ಎಂದರೆ ಭಾರ, ಕಾಲು ಜೋಮು ಹಿಡಿಯಿತು.

೧೪ ಫೆಬ್ರವರಿ, ಶನಿವಾರ

ನೀಲಕಂಠಪ್ಪನವರೊಂದಿಗೆ ಜಗಳವಾಯಿತು. ನನ್ನ ಜೀವದೊಂದಿಗೆ ಆಟವಾಡಿದಿರಿ ಎಂದೆ. ಅವರು ತಲೆ ತಗ್ಗಿಸಿದರು, ತಪ್ಪಾಯಿತು ಎಂದೂ ಅಂದರು, ಅಲ್ಲಿಗೆ ಬಿಡಲಿಲ್ಲ.

“ನಿಮ್ಮ ಹತ್ತ ದಿವಸ ನಾಳೆ ಮುಗೀತಾವ. ದೇವರ ದಯಾ, ನಿಮಗೇನೂ ಆಗೂದಿಲ್ಲ. ಸೋಮವಾರ ಮುಂಜಾನೆ ಗಾಡಿ ಬರ್ತೈತಿ, ಹೇಳಿ ಬಂದೀನಿ. ಮಕ್ಕಳು ಮರಿ ಇರೋ ಚಾಳ ಇದು. ಇಂದ ನಿಮ್ಮನ್ನ ಕಡದೈತಿ, ನಾಳೆ ನನ್ನ ಮೊಮ್ಮಗಳನ್ನ ಕಡದ್ರ?”

“ಕೆಣಕದಿದ್ದರೆ ಅವನು ಯಾಕೆ ಕಚ್ಚುತ್ತಾನೆ?”

“ನೀವ ಹೇಳಿದ್ರಿ, ನಾನ ಹಗ್ಗಾ ಬಿಚ್ಚಿ ಕೊಡ್ತೀನಿ ಅಂತ.”

ಹೇಳಿದ್ದು ಹೌದು. ಆಮೇಲೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ನಾಯಿ ಬೇಕೇ ಎಂದು ಬಾಳೆಲೆಯವನನ್ನು ಕೇಳಿದೆ, ತರಕಾರಿಯವನನ್ನು ಕೇಳಿದೆ, ದೇವಸ್ಥಾನದ ಹತ್ತಿರದ ಕಾಫಿಪುಡಿಯವನನ್ನು ಕೇಳಿದೆ. ಮುಲುಂಡಿನಲ್ಲಿ ನಾನು ಕೂಗಿದ್ದು ಆಗಲೇ ಇಲ್ಲಿ ತನಕ ಬಂದಿದೆ. ಆ ಹುಚ್ಚುನಾಯಿಯೇ ಎನ್ನುತ್ತಾರೆ. ನನ್ನ ಬಾಯಿಗೆ ಬೆಂಕಿ ಬೀಳಲಿ. ಇವರ ಬೋರ್ಡಿಗೂ ಯಾರೂ ಬರುವುದಿಲ್ಲ.

ಹೋದರೆ ಹೋಗಲಿ. ನನ್ನ ಜೀವ ಉಳಿಯಿತಲ್ಲ, ಸಾಕು. ಅವನು ಈಗ ಹೊ‌ಟ್ಟೆ ತುಂಬ ತಿನ್ನುತ್ತಾನೆ, ಪಕ್ಕೆಲುಬು ಮುಚ್ಚುತ್ತಾ ಬಂದಿದೆ, ಕಾಲಿನ ಬಾವು ಇಳಿದಿದೆ. ಯಾಕೆ ಬರೆದೆನೋ ಇದನ್ನು.

೧೬ ಫೆಬ್ರವರಿ, ಸೋಮವಾರ

ಕೂತು ಬರೆಯಲು ಆಗುವುದಿಲ್ಲ, ಚಾಪೆಯಲ್ಲಿ ಒರಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ವಯಸ್ಸಾದ ಡಾಕ್ಟರರು ಗಾಯ ನೋಡಿ, ನಾಯಿ ಹೇಗಿದೆ ಎಂದು ಕೇಳಿ, ನಿಮಗೆ ಏನೂ ಭಯವಿಲ್ಲ, ಹೋಗಿ ಬನ್ನಿ ಎಂದರು. ಹೊರಗೆ ಬಂದು ನಾನು ಕುಣಿಯಬೇಕಿತ್ತು. ಕುಣಿಯುವ ಬದಲು ಓಡಿದೆ.

ಗಾಡಿ ಆಗಲೇ ಗಲ್ಲಿಯ ಬಾಯಿಯಲ್ಲಿ ನಿಂತಿತ್ತು. ಒಳಗಿದ್ದ ನಾಯಿಗಳ ಕೂಗು ಗಲ್ಲಿಯೆಲ್ಲ ತುಂಬಿತ್ತು. ತಂತಿಯ ಕುಣಿಕೆ ಹಿಡಿದ ಇಬ್ಬರು ಬೀಡಿ ಸೇದುತ್ತಾ ನೀಲಕಂಠಪ್ಪನವರೊಂದಿಗೆ ಮಾತಾಡುತ್ತಿದ್ದರು. ನಾನು ಹಿಂದಿನ ಸಂದಿಯಿಂದ ಒಳಗೆ ಬಂದೆ. ದೊರೆ ಎದ್ದು ನಿಂತ. ಗಾಡಿಯ ಕೂಗು ಅವನಿಗೂ ಕೇಳುತ್ತಿತ್ತು, ಕಿವಿ ಹಿಂದಕ್ಕೆ ಹೋಗಿತ್ತು.

ಬಲಗೈಯನ್ನು ಅವನ ಬಾಯೊಳಗೆ ಇಟ್ಟೆ. “ಕಚ್ಚು,” ಎಂದೆ. ಅವನು ಹಲ್ಲು ತಾಗದ ಹಾಗೆ ಹಿಡಿದು ನನ್ನ ಮುಖ ನೋಡಿದ. “ಕಚ್ಚೋ, ನಿನ್ನ ದಮ್ಮಯ್ಯ!” ದವಡೆ ಒತ್ತಿದೆ, ಎಲೆ ಎತ್ತುವ ಹಾಗೆ ಎಡಗೈ ಆಡಿಸಿ ತೋರಿಸಿದೆ, ಬೈದೆ. ಕೈ ಹೊರಗೆ ಬಿಟ್ಟು ನೆಕ್ಕಿದ. ಅನ್ನ ಹಾಕಿದರೆ ಕಚ್ಚಿದವನು, ಕಚ್ಚು ಎಂದರೆ ನೆಕ್ಕುತ್ತಾನೆ! ಹೊರಗೆ ಹೆಜ್ಜೆಯ ಸದ್ದು ಹತ್ತಿರ ಬಂತು. ಒಳಗೆ ಓಡಿ ಕಾಯಿ ತುರಿಯುವ ಮಣೆಯ ಹಲ್ಲಿಗೆ ಕೈ ಒತ್ತಿ ಎಳೆದುಕೊಂಡೆ. ರಕ್ತ ಚೆನ್ನಾಗಿಯೇ ಬಂತು.

ಕುಣಿಕೆಯವರು ಬಾಗಿಲಿಗೆ ಬಂದಾಗ ಕೈ ಚಾಚಿ ನಿಂತಿದ್ದೆ. “ಈಗಷ್ಟೇ ಮತ್ತೆ ಕಚ್ಚಿತು,” ಎಂದೆ.

ಅವರಲ್ಲಿ ಹಿರಿಯವನು ಕುಣಿಕೆ ಕೆಳಗಿಟ್ಟ. ಕಚ್ಚಿಸಿಕೊಂಡವರು ಆಸ್ಪತ್ರೆಯ ಕೈಯಲ್ಲಿದ್ದಾರೆ ಎಂದರೆ ಅದು ಮುಗಿಯುವ ತನಕ ನಾಯಿಯನ್ನು ಮುಟ್ಟುವ ಹಾಗಿಲ್ಲ ಎಂದ. ನೀಲಕಂಠಪ್ಪನವರು ಮುಂದೆ ಬಂದು ಕನ್ನಡಕ ಏರಿಸಿ ನನ್ನ ಕೈ ನೋಡಿದರು. ಬಹಳ ಹೊತ್ತು ನೋಡಿದರು.

“ನಾಯಿ ಹಲ್ಲ ಇಷ್ಟ ಸಣ್ಣ ಇರ್ತಾವೇನ್ರಿ?”

“ಇರ್ತವೆ.”

“ಆತು. ಖರೇನ ಕಡದಿದ್ರ ನಡೀರಿ, ಈಗಿಂದೀಗ ಸೂಜಿ ಹಾಕಿಸ್ಕೊಂಡ ಬರೂಣು. ನಾನೂ ಬರ್ತೀನಿ. ನೀವು ಹಾಕಿಸ್ಕೊಂಡ್ರ ಗಾಡಿ ಹೊಳ್ಳಿ ಹೋಗ್ತೈತಿ. ಅಲ್ಲೀತನಕ ಇಲ್ಲೇ ನಿಂದರ್ತೈತಿ.”

ಪಾಯಖಾನೆಯಿಂದ ನನ್ನನ್ನು ಹೊರಗೆಳೆಸಿದವರು ಅವರೇ ಅಲ್ಲವೇ. ಸೂಜಿ ಎಂದರೆ ಸತ್ಯ ಉದುರುತ್ತದೆ ಎಂದು ಅವರಿಗೆ ಖಾತ್ರಿ. ದೊರೆಯ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಏಳುತ್ತಿರಲಿಲ್ಲ.

ಸೂಜಿಯ ಕೋಣೆಯಲ್ಲಿ ಇನ್ನೊಬ್ಬರು, ಎಳೆಯ ಡಾಕ್ಟರರು. ಎರಡನೇ ಸಲವೇ, ಹಾಗಾದರೆ ಇನ್ನು ಕಾಯುವುದು ಬೇಡ, ಶುರು ಮಾಡುವುದೇ ಎಂದರು. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬೇಡ, ಇದು ಮಣೆಯ ಗಾಯ ಎನ್ನುವ ಮಾತು ಹಲ್ಲಿನ ತನಕ ಬಂತು. ಸೂಜಿ ನನ್ನ ಬೆರಳಿನಷ್ಟು ಉದ್ದ. ಕಿರುಚಬಾರದು ಎಂದುಕೊಂಡಿದ್ದೆ, ಕಿರುಚಿದೆ. ಹೊರಗಿನ ಬೆಂಚಿನಲ್ಲಿ ಕೂತಿದ್ದ ನೀಲಕಂಠಪ್ಪನವರು ಎದ್ದು ನಿಂತರಂತೆ, ದಾದಿ ಹೇಳಿದಳು.

ಬರುವಾಗ ಹೊಟ್ಟೆ ಹಿಡಿದುಕೊಂಡು ನಡೆದೆ. ಅವರು ನನ್ನ ಹೆಜ್ಜೆಗೆ ಸರಿಯಾಗಿ ನಿಧಾನವಾಗಿ ಬಂದರು. ಗಲ್ಲಿಯ ತಿರುವಿನಲ್ಲಿ ಕೇಳಿದರು, “ರಾಜೀವಿಬಾಯಿ, ಈಗರೆ ಹೇಳ್ರಿ. ಕಡದಿತ್ತೇನು?”

“ಕಡಿದಿತ್ತು.”

“ಹದಿನಾಲ್ಕೂ ಹಾಕಿಸ್ಕೋತೀರಿ?”

“ಹಾಕಿಸಿಕೊಳ್ಳುತ್ತೇನೆ.”

ಅವರು ಗಾಡಿಯವನ ಹತ್ತಿರ ಹೋಗಿ, ಹೋಗಪಾ ಎಂದು ಕೈ ಬೀಸಿದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಮೊಮ್ಮಗಳನ್ನು ಕೂಗಿ ಕರೆದು, ಅವಳ ಕೈ ಹಿಡಿದುಕೊಂಡು ದೊರೆಯನ್ನು ದೂರದಿಂದ ತೋರಿಸಿದರು.

ಸಂಜೆ ಇವರು ಬಂದು ಕೈ ನೋಡಿದರು, ತುರಿಮಣೆ ನೋಡಿದರು, ಹೊಟ್ಟೆ ನೋಡಿದರು. ಪಕ್ಕದಲ್ಲಿ ಕೂತರು. ನಾಳೆಯೇ ಹೋಗಿ ಡಾಕ್ಟರರಿಗೆ ನಿಜ ಹೇಳುತ್ತೇನೆ ಎಂದರು. ಬಾಯಿ ಬಿಟ್ಟರೆ ನೋಡಿ ಎಂದೆ.

“ಅಲ್ಲ ಮಾರಾಯ್ತಿ, ಹದಿನಾಲ್ಕು ಮುಗಿದ ಮೇಲೆ ಗಾಡಿ ಮತ್ತೆ ಬಂದರೆ ಎಂಥ ಮಾಡುವುದು?”

“ಆಮೇಲೆ ನಿಮ್ಮನ್ನು ಕಚ್ಚುತ್ತದೆ,” ಎಂದೆ.